ಹೆರಿಗೆಗೆ ಮನಸ್ಸಿನ ಸಿದ್ಧತೆ: ಗಂಡಂದಿರ ಹೊಣೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬುದು ನಮ್ಮ ನಾಡಿನಲ್ಲಿ ಮನೆಮನೆಯಲ್ಲೂ ಕೇಳಿಬರುವ ಮಾತು. ಆ ಮಾತನ್ನಾಡಿದ ಹಿರಿಯರ ಮನದಲ್ಲಿದ್ದುದು ಕನಿಕರ ಮತ್ತು ಗೌರವ. ಆದರೆ ಅದನ್ನು ಕೇಳಿಸಿಕೊಳ್ಳುವ ಚೊಚ್ಚಲು ಬಸುರಿಯ ಮನದಲ್ಲಿ ಉಳಿಯುವುದು ಭಯವೊಂದೇ. ಸೀಮಂತದ ಸೀರೆ, ಬಳೆ, ಊಟ, ತೊಟ್ಟಿಲು, ಬಾಣಂತಿಯ ಲೇಹ, ಇವೆಲ್ಲಕ್ಕೂ ನಮ್ಮ ಸಂಸಾರಗಳಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಹೆರಬೇಕಾದವಳ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ಮಾತ್ರ ಯಾರ ಪಟ್ಟಿಯಲ್ಲಿಯೂ ಸೇರಿರುವುದಿಲ್ಲ. ಈ ಲೋಪವು ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಇನ್ನಷ್ಟು ಹೆಚ್ಚು. ಅದನ್ನು ತುಂಬುವ ಹೊಣೆ ಬಹುಮಟ್ಟಿಗೆ ಗಂಡಂದಿರದು ಎಂಬುದೇ ಈ ಲೇಖನದ ವಾದ.

ಇದು ಹೆಂಗಸರ ವಿಷಯ. ಪತ್ರಿಕೆಯ ಪುಟದಲ್ಲಿ, ಅದರಲ್ಲೂ ಗಂಡಸರನ್ನು ಉದ್ದೇಶಿಸಿ, ಇದನ್ನು ಚರ್ಚಿಸುವುದೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಇನ್ನು ಕೆಲವರು, “ನಮ್ಮ ಅಜ್ಜಿ ಎಂಟು ಹತ್ತು ಹೆತ್ತಳು; ಅವಳಿಗೆ ಯಾರು ಪಾಠ ಹೇಳಿಕೊಟ್ಟಿದ್ದರು?” ಎಂದು ಕೇಳಬಹುದು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುವುದು ಒಳ್ಳೆಯದು. ಏಕೆಂದರೆ ಮೊದಲನೆಯದರ ಉತ್ತರವೂ ಅದರೊಳಗೇ ಅಡಗಿದೆ.

ಅಜ್ಜಿಗೆ ಪಾಠ ಹೇಳಿದವರು ಇಲ್ಲದಿರಲಿಲ್ಲ. ತಾಯಿಯ, ಅತ್ತಿಗೆಯ, ನೆರೆಮನೆಯವಳ ಹೆರಿಗೆಯನ್ನು ಅವಳು ಹತ್ತಿರದಿಂದ ಕಂಡಿದ್ದಳು. ಬೇನೆ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದು ಅವಳಿಗೆ ಕಂಡುಂಡ ಸಂಗತಿಯಾಗಿತ್ತು. ಅವಳ ಬಳಿ ಕೂರುತ್ತಿದ್ದ ಸೂಲಗಿತ್ತಿ ಅದೇ ಊರಿನವಳು. ಅವಳದೇ ನುಡಿಯಲ್ಲಿ ಮಾತನಾಡುವವಳು. ರಾತ್ರಿಯೆಲ್ಲ ಬೆನ್ನು ನೀವುತ್ತ ಕುಳಿತು, ಮಗು ಅತ್ತ ಮೇಲೆಯೇ ಎದ್ದುಹೋಗುವವಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಯಾರಿಂದಲೂ ಪ್ರತಿಫಲ ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ್ದಕ್ಕಾಗಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರುಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗುಣದಷ್ಟೇ ದೊಡ್ಡದು ಅವರ ಸಾನ್ನಿಧ್ಯ. ಹೆರುವವಳನ್ನು ಒಂಟಿಯಾಗಿ ಬಿಡದಿರುವುದೇ ಆ ಕಾಲದ ಮಾನಸಿಕ ಸಿದ್ಧತೆಯಾಗಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎನ್ನಲಾಗದು. 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಒಪ್ಪಿಸಿದಾಗ, ನಮ್ಮ ದೇಶದಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರೆಂದು ಅಂದಾಜು ಮಾಡಿತ್ತು. 2018ರಿಂದ 2020ರ ಅವಧಿಯ ಸರಕಾರೀ ಲೆಕ್ಕದಲ್ಲಿ ಅದು ಒಂದು ಲಕ್ಷ ಹೆರಿಗೆಗಳಿಗೆ 97ಕ್ಕೆ ಇಳಿದಿದೆ; ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಈ ಇಳಿಕೆಗೆ ಆಸ್ಪತ್ರೆಯ ಹೆರಿಗೆ ಒಂದು ಮುಖ್ಯ ಕಾರಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ನೂರು ಹೆರಿಗೆಗಳಲ್ಲಿ 89 ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಮರಳಿ ಮನೆಯ ಕತ್ತಲೆಕೋಣೆಗೆ ಹೋಗಬೇಕೆಂದು ವಿವೇಕಿಗಳಾದ ಯಾರೂ ಹೇಳಲಾರರು. ಆದರೆ ಆಸ್ಪತ್ರೆ ಪ್ರಾಣವನ್ನು ಉಳಿಸಿಕೊಟ್ಟಿತಾದರೂ ಜೊತೆಯಲ್ಲಿ ಕೂರುತ್ತಿದ್ದವರನ್ನು ಬಾಗಿಲ ಹೊರಗೆ ನಿಲ್ಲಿಸಿತು. ಮನೆಯ ಹೆಣ್ಣುಮಕ್ಕಳಿಗೆ ಕಂಡು ಕಲಿಯುವ ದಾರಿಯೂ ಅದರೊಡನೆ ಮುಚ್ಚಿತು. ಪ್ರಾಣಭಯ ಇಳಿದಿರುವ ಕಾಲದಲ್ಲಿ ಮನದ ಭಯ ಉಳಿದುಕೊಂಡಿರುವುದರ ಗುಟ್ಟು ಇಲ್ಲಿದೆ.

ಇನ್ನು ನಮ್ಮವರ ಸ್ಥಿತಿಯನ್ನು ನೋಡಿ. ಕುಂದಾಪುರದಿಂದಲೋ ಹಾಸನದಿಂದಲೋ ಮದುವೆಯಾಗಿ ಬಂದ ಹುಡುಗಿ ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಾಳೆ. ಗಂಡ ಬೆಳಗಿನ ಜಾವ ಹೋಟೆಲಿಗೆ ಹೋದರೆ ಹಿಂತಿರುಗುವಾಗ ರಾತ್ರಿ. ಗುಮಾಸ್ತನಾದರೆ ಆಫೀಸಿನ ಹೊತ್ತಿಗಿಂತ ಲೋಕಲ್ ಗಾಡಿಯ ಪ್ರಯಾಣವೇ ಅವನನ್ನು ಹೆಚ್ಚು ದಣಿಸುತ್ತದೆ. ನೆರೆಯವರ ನುಡಿ ಅವಳಿಗೆ ಬಾರದು. ಚೊಚ್ಚಲು ತವರಿನಲ್ಲಿ ಎಂಬ ಪದ್ಧತಿಯಂತೆ ಊರಿಗೆ ಕಳುಹಿಸಿದರೆ ತಾಯಿಯ ಆಸರೆಯೇನೋ ಸಿಗುತ್ತದೆ. ಆಗ ಗಂಡನು ಫೋನಿನಲ್ಲಿ ಕೇಳಿಬರುವ ದನಿ ಮಾತ್ರವಾಗುತ್ತಾನೆ, ನಾಮಕರಣದ ದಿನಕ್ಕೆ ಹಾಜರಾಗುವ ನೆಂಟನಾಗುತ್ತಾನೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಅವಳ ಮನಸ್ಸಿನೊಳಗೆ ಏನು ನಡೆಯುತ್ತಿದೆಯೆಂದು ವಿಚಾರಿಸುವವರು ಇರುವುದಿಲ್ಲ.

ಭಯಕ್ಕೂ ನೋವಿಗೂ ಇರುವ ನಂಟನ್ನು ವೈದ್ಯಲೋಕ ಗುರುತಿಸಿ ಬಹುಕಾಲವಾಯಿತು. ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಕ್ಲೋರೋಫಾರ್ಮನ್ನು ಬಳಸಿದಾಗ, ಪ್ರಸವದ ನೋವು ದೈವವಿಹಿತವೆಂದು ಆಕ್ಷೇಪಿಸಿದವರುಂಟು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ಪಡೆದ ಮೇಲೆ ಆ ಗದ್ದಲ ತಗ್ಗಿತು. ಇಂಗ್ಲೆಂಡಿನ ಇನ್ನೊಬ್ಬ ವೈದ್ಯ ಗ್ರಾಂಟ್ಲಿ ಡಿಕ್ ರೀಡ್ 1933ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೇರೊಂದು ವಿಚಾರವನ್ನು ಮುಂದಿಟ್ಟನು. ಭಯಗೊಂಡ ಹೆಂಗಸಿನ ಮೈ ಬಿಗಿಯುತ್ತದೆ. ಬಿಗಿದ ಮೈಗೆ ನೋವು ಹೆಚ್ಚುತ್ತದೆ. ಹೆಚ್ಚಿದ ನೋವು ಮತ್ತೆ ಭಯವನ್ನು ಬೆಳೆಸುತ್ತದೆ. ಈ ಸುಳಿಯನ್ನು ತಿಳಿವಳಿಕೆಯಿಂದ ಕಡಿಯಬಹುದು ಎಂಬುದು ಅವನ ಮತ. ಫ್ರಾನ್ಸಿನ ಡಾಕ್ಟರ್ ಲಮಾಜ್ 1951ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ, ಉಸಿರಾಟದ ಅಭ್ಯಾಸ ಮತ್ತು ಪೂರ್ವಶಿಕ್ಷಣದಿಂದ ಬೇನೆಯನ್ನು ಎದುರಿಸುವ ಕ್ರಮವನ್ನು ಕಂಡು ಬಂದನು. ಅದನ್ನು ಅವನು ಜಾರಿಗೆ ತಂದುದು ಶ್ರೀಮಂತರ ನರ್ಸಿಂಗ್ ಹೋಮಿನಲ್ಲಿ ಅಲ್ಲ, ಪ್ಯಾರಿಸಿನ ಲೋಹಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ. ದುಡಿಯುವವರ ಹೆಂಡಿರಿಗೆ ಇಂಥ ಶಿಕ್ಷಣ ಹೆಚ್ಚಿನ ಮಾತು ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮನಸ್ಸು ಗಟ್ಟಿಯಾಗಿದ್ದರೆ ನೋವೇ ಇರದು ಎಂಬ ಬೋಧನೆ ಕೇಳಲು ಇಂಪಾಗಿದ್ದರೂ ಕೊನೆಗೆ ಅದು ಕ್ರೂರವೇ. ಬೇನೆ ತಾಳಲಾರದೆ ಕೂಗಿದವಳು, “ನನ್ನ ಮನಸ್ಸೇ ದುರ್ಬಲ, ತಪ್ಪು ನನ್ನದೇ” ಎಂದು ಕೊರಗುವಂತೆ ಅದು ಮಾಡುತ್ತದೆ. ಪ್ರಸವದ ನೋವು ಮೈಯ ನಿಜವಾದ ನೋವು. ಸಿದ್ಧತೆಯಿಂದ ಆಗುವ ಲಾಭ ಇಷ್ಟೇ, ಆದರೆ ಇದು ಸಣ್ಣದಲ್ಲ: ನೋವಿನ ಮೇಲೆ ಗಾಬರಿಯ ಹೊರೆ ಕೂಡಿಕೊಳ್ಳುವುದಿಲ್ಲ. ಕೂಗಬೇಕೆನಿಸಿದರೆ ಕೂಗಲಿ. ನೋವು ಕಡಿಮೆ ಮಾಡುವ ಮದ್ದನ್ನೋ ಬೆನ್ನಿನ ಇಂಜೆಕ್ಷನ್ನನ್ನೋ ಆಸ್ಪತ್ರೆಯಲ್ಲಿ ಕೊಡುವುದುಂಟಾದರೆ, ಬೇಕೆನಿಸಿದಾಗ ಕೇಳಿ ಪಡೆಯಲಿ. ಅದರಿಂದ ತಾಯ್ತನಕ್ಕೆ ಕುಂದೇನೂ ಬರುವುದಿಲ್ಲ.

ಹಾಗಾದರೆ ಸಿದ್ಧತೆ ಎಂದರೆ ಏನು? ಮೊದಲನೆಯದು ತಿಳಿವಳಿಕೆ. ಬೇನೆ ಕಡಲಿನ ತೆರೆಯಂತೆ ಬರುವಂಥದು. ಏರಿ, ಒಂದು ನಿಮಿಷದಷ್ಟು ಹೊತ್ತು ಇದ್ದು, ಇಳಿದುಹೋಗುತ್ತದೆ. ಎರಡು ತೆರೆಗಳ ನಡುವೆ ಬಿಡುವು ಇದ್ದೇ ಇರುತ್ತದೆ. ಆ ಬಿಡುವಿನಲ್ಲಿ ಮೈಯನ್ನು ಸಡಿಲಬಿಟ್ಟು ನಿಧಾನವಾಗಿ ಉಸಿರಾಡುವುದನ್ನು ಮೊದಲೇ ರೂಢಿಸಿಕೊಳ್ಳಬಹುದು. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರಿನಷ್ಟು ತೆರೆಯಬೇಕು. ಐದು ಸೆಂಟಿಮೀಟರಿನ ಮೇಲೆ ಬಿರುಸಿನ ಘಟ್ಟ ಆರಂಭವಾಗುತ್ತದೆಂದೂ, ಚೊಚ್ಚಲಿನಲ್ಲಿ ಅದು ಸಾಮಾನ್ಯವಾಗಿ 12 ಗಂಟೆಗಳನ್ನು ಮೀರುವುದಿಲ್ಲವೆಂದೂ, ಅದಕ್ಕೆ ಹಿಂದಿನ ಘಟ್ಟ ಒಬ್ಬೊಬ್ಬರಿಗೆ ಒಂದೊಂದು ಬಗೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿದೆ. ಇಷ್ಟು ತಿಳಿದ ಹೆಂಗಸು ಆರನೆಯ ಗಂಟೆಯಲ್ಲಿ, “ಇನ್ನೂ ಆಗಲಿಲ್ಲವಲ್ಲ, ಏನೋ ಕೇಡಾಗಿದೆ” ಎಂದು ಕಂಗೆಡುವುದಿಲ್ಲ. ತಿಳಿಯದವಳಿಗೆ ಪ್ರತಿಯೊಂದು ನಿಮಿಷವೂ ಸಂಶಯವೇ.

ಎರಡನೆಯದು ಮನೆಯೊಳಗಿನ ಮಾತು. ಬಸುರಿಯ ಮುಂದೆ ಕುಳಿತು, ಯಾರ ಮನೆಯಲ್ಲಿ ಯಾರಿಗೆ ಏನಾಯಿತೆಂಬ ಭಯಂಕರ ಕಥೆಗಳನ್ನು ಬಣ್ಣಿಸುವ ನೆಂಟರು ಎಲ್ಲೆಡೆಯಲ್ಲೂ ಉಂಟು. ಅವರನ್ನು ಮೃದುವಾಗಿ ತಡೆಯುವ ಕೆಲಸ ಗಂಡನದು, ಅತ್ತೆಯದು. ಇದರಷ್ಟೇ ಕೆಟ್ಟದ್ದು, “ಏನೂ ಆಗುವುದಿಲ್ಲ, ಸುಮ್ಮನಿರು” ಎಂಬ ಬಾಯುಪಚಾರ. ಏನೂ ಆಗುವುದಿಲ್ಲವೆಂದು ನಂಬಿ ಹೋದವಳಿಗೆ ಮೊದಲ ದೊಡ್ಡ ಬೇನೆಯೇ ಮೋಸದಂತೆ ಕಾಣುತ್ತದೆ. “ನಿನಗೆ ಯಾವುದರ ಹೆದರಿಕೆ?” ಎಂದು ಕೇಳಿ, ಅವಳು ಹೇಳಿದ್ದನ್ನು ನಗದೆ ಕೇಳಿಸಿಕೊಳ್ಳುವುದೇ ಸರಿಯಾದ ಸಮಾಧಾನ. ಅವಳ ಹೆದರಿಕೆ ನೋವಿನದೇ ಆಗಿರಬೇಕೆಂದಿಲ್ಲ. ಖರ್ಚಿನದಾಗಿರಬಹುದು, ನಾಚಿಕೆಯದಾಗಿರಬಹುದು, ದಾದಿಯ ಗದರಿಕೆಯದಾಗಿರಬಹುದು, ಹೆಣ್ಣು ಹುಟ್ಟಿದರೆ ಅತ್ತೆಯ ಮೋರೆ ಹೇಗಾದೀತೆಂಬುದಾಗಿರಬಹುದು.

ಈ ಕೊನೆಯ ಹೆದರಿಕೆಯನ್ನು ಬೇರು ಸಹಿತ ಕೀಳಬೇಕಾದವನು ಗಂಡ. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬರುವ ವರ್ಣತಂತು. ತಾಯಿಗೆ ಅದರಲ್ಲಿ ಕೈಯಿಲ್ಲ. “ಯಾವ ಮಗುವಾದರೂ ನಮ್ಮದೇ” ಎಂಬ ಮಾತನ್ನು ಅವನು ಬಸುರಿನ ದಿನಗಳಲ್ಲಿಯೇ, ತನ್ನ ತಾಯಿ ಕೇಳುವಂತೆ, ಬಾಯಿಬಿಟ್ಟು ಹೇಳಬೇಕು. ಹೆರಿಗೆಯಾದ ಮೇಲೆ ಹೇಳಿದರೆ ಅದು ಸಾಂತ್ವನವಾಗುತ್ತದೆ. ಮೊದಲೇ ಹೇಳಿದರೆ ಧೈರ್ಯವಾಗುತ್ತದೆ.

ಮೂರನೆಯದು ಸ್ಥಳಪರಿಚಯ ಮತ್ತು ಭಾಷೆ. ಹೆರಿಗೆಯಾಗಬೇಕಾದ ಆಸ್ಪತ್ರೆಯನ್ನು ಆಕೆ ಮೊದಲೇ ನೋಡಿರಬೇಕು. ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ, ಯಾವ ಕಾಗದ ಬೇಕು, 108ರ ವಾಹನ ಮನೆಯ ಮುಂದಿನ ಗಲ್ಲಿಯೊಳಗೆ ಬರಬಲ್ಲುದೇ ಎಂಬುದನ್ನು ಗಂಡ ಕಂಡುಕೊಂಡಿರಬೇಕು. ಊರಿಗೆ ಹೋಗುವುದಾದರೆ ಇಲ್ಲಿನ ತಪಾಸಣೆಯ ಕಾಗದಗಳೂ ತಾಯಿ ಕಾರ್ಡೂ ಅವಳ ಕೈಚೀಲದಲ್ಲಿರಲಿ. ಇಲ್ಲಿಯೇ ಹೆರುವುದಾದರೆ ಹತ್ತು ಹನ್ನೆರಡು ಪದಗಳನ್ನಾದರೂ ಕಲಿಸಬೇಕು. ಮರಾಠಿಯಲ್ಲಿ ಕಳಾ ಎಂದರೆ ಹೆರಿಗೆಯ ಬೇನೆ. ಶ್ವಾಸ ಘ್ಯಾ ಎಂದರೆ ಉಸಿರೆಳೆದುಕೊಳ್ಳಿ. ಜೋರ್ ಲಾವಾ ಎಂದರೆ ಬಲಹಾಕಿ ಮುಕ್ಕಿರಿ. ಬಾಳ ಎಂದರೆ ಮಗು. ಇದೇ ಬೇನೆಗೆ ಚೆನ್ನೈಯಲ್ಲಿ ವಲಿ, ಹೈದರಾಬಾದಿನಲ್ಲಿ ನೊಪ್ಪುಲು, ದೆಹಲಿಯಲ್ಲಿ ದರ್ದ್. ದಾದಿ ಹೇಳಿದ್ದು ತಿಳಿಯದೆ ಕಣ್ಣು ಕಣ್ಣು ಬಿಡುವ ಹುಡುಗಿಯನ್ನು ಹಟಮಾರಿಯೆಂದು ತಪ್ಪು ತಿಳಿದು ಗದರುವ ಸಂದರ್ಭಗಳು ಇಲ್ಲದಿಲ್ಲ. ಆಸ್ಪತ್ರೆಗಳಲ್ಲಿ ಹೆರುವ ಹೆಂಗಸರಿಗೆ ಆಗುವ ಅಗೌರವ ನಿಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2014ರಲ್ಲಿ ಹೇಳಿಕೆ ಹೊರಡಿಸಿತು. ಅದು ನಿಲ್ಲುವ ತನಕ ನಾಲ್ಕು ಪದಗಳು ಅವಳಿಗೆ ಗುರಾಣಿಯಾದಾವು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೊತೆ. ಹೆರಿಗೆಯ ಹೊತ್ತಿನಲ್ಲಿ ಒಬ್ಬರು ಬಿಡದೆ ಬಳಿಯಲ್ಲಿದ್ದರೆ ಏನು ಲಾಭವೆಂಬುದನ್ನು 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳಿಂದ ಒಟ್ಟುಗೂಡಿಸಿ, 2017ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿತು. ಅಂಥ ಜೊತೆ ದೊರೆತವರಲ್ಲಿ ಸಹಜ ಹೆರಿಗೆಗಳು ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿ ಮೊಟಕು ಎಂದು ಅದು ಕಂಡುಕೊಂಡಿತು. ನಮ್ಮ ಕೇಂದ್ರ ಸರಕಾರವು 2016ರಲ್ಲಿಯೇ ಸರಕಾರೀ ಆಸ್ಪತ್ರೆಗಳ ಹೆರಿಗೆಕೋಣೆಯಲ್ಲಿ ಬಂಧುವಾದ ಒಬ್ಬ ಹೆಂಗಸಿಗೆ, ಮರೆಯ ಏರ್ಪಾಡಿರುವಲ್ಲಿ ಗಂಡನಿಗೂ, ಜೊತೆಗಿರಲು ಅನುಮತಿ ನೀಡಿತು. ಹೆಸರು ನೋಂದಾಯಿಸುವ ದಿನವೇ ಇದನ್ನು ವಿನಯದಿಂದ ವಿಚಾರಿಸಬೇಕು. ಅಂದು ಸೂಲಗಿತ್ತಿ ಕುಳಿತಿದ್ದ ಜಾಗದಲ್ಲಿ ಇಂದು ತಾಯಿಯೋ ಅಕ್ಕನೋ ಗಂಡನೋ ಕೂರಬಹುದು. ವೈದ್ಯವಿದ್ಯೆ ಅವರಿಗೆ ಬೇಕಾಗಿಲ್ಲ. ಕೈ ಹಿಡಿದು, ನೀರು ಕೊಟ್ಟು, “ಈ ತೆರೆಯೂ ದಾಟಿತು” ಎಂದು ಅವಳ ನುಡಿಯಲ್ಲಿ ಹೇಳುವವರು ಬೇಕು.

ಇಲ್ಲಿ ರಜೆಯ ಪ್ರಶ್ನೆ ಬರುತ್ತದೆ. ಹೋಟೆಲಿನಲ್ಲಿ ದುಡಿಯುವವನಿಗೆ ವರುಷಕ್ಕೆ ದೊರೆಯುವ ರಜೆ ಬೆರಳೆಣಿಕೆಯದು. ಅದನ್ನು ಅವನು ಸಾಮಾನ್ಯವಾಗಿ ನಾಮಕರಣಕ್ಕೆಂದು ಕಾದಿರಿಸುತ್ತಾನೆ. ನಾಲ್ಕು ಜನ ಕೂಡುವ ಸಮಾರಂಭದಲ್ಲಿ ತಂದೆ ಇಲ್ಲದಿದ್ದರೆ ಹೇಗೆ ಎಂಬ ಸಂಕೋಚ ಸಹಜವೇ. ಆದರೆ ಸಮಾರಂಭಕ್ಕೆ ಜನ ತಾವಾಗಿ ಸೇರುತ್ತಾರೆ. ಬೇನೆಯ ರಾತ್ರಿಗೆ ಸೇರುವುದಿಲ್ಲ. ಇದ್ದ ಎಂಟು ದಿನಗಳನ್ನು ವೈದ್ಯರು ಹೇಳಿದ ತಾರೀಕಿನ ಸುತ್ತ ಇರಿಸಿಕೊಳ್ಳುವುದೇ ಲೇಸು. ಬೆಳಗಿನ ಆರು ಗಂಟೆಗೆ ಇಡ್ಲಿ ಇಳಿಯಬೇಕಾದರೆ ಹಿಂದಿನ ದಿನವೇ ಹಿಟ್ಟು ರುಬ್ಬಿರಬೇಕೆಂಬುದನ್ನು ಹೋಟೆಲಿನವನಿಗೆ ಹೇಳಿಕೊಡಬೇಕಾದುದಿಲ್ಲ. ಅದೇ ವಿವೇಕವನ್ನು ಅವನು ಮನೆಗೂ ತರಲಿ. ಆರನೆಯ ತಿಂಗಳಲ್ಲಿಯೇ ಮಾಲಿಕರೊಡನೆ ಮಾತನಾಡಿ, ತನ್ನ ಬದಲು ನಿಲ್ಲುವವನನ್ನು ಗೊತ್ತುಮಾಡಲಿ.

ಮಾಲಿಕರಿಗೂ ಒಂದು ಮಾತು. ಹೆಣ್ಣು ನೌಕರರಿಗೆ 1961ರ ಹೆರಿಗೆ ಸೌಲಭ್ಯದ ಕಾನೂನು 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. ಕೇಂದ್ರ ಸರಕಾರದ ಗಂಡು ನೌಕರನಿಗೆ ಹೆಂಡತಿಯ ಹೆರಿಗೆಗೆಂದು 15 ದಿನಗಳ ರಜೆಯುಂಟು. ಹೋಟೆಲಿನ ಮಾಣಿಗೋ ಅಡುಗೆಯವನಿಗೋ ಅಂಥ ಭಾಗ್ಯವು ಮಾಲಿಕರ ಒಳ್ಳೆಯತನವನ್ನೇ ನೆಚ್ಚಿದೆ. ನಮ್ಮ ಮಾಲಿಕರಲ್ಲಿ ಹಲವರು ತಾವೇ ಲೋಟ ತೊಳೆದು ಮೇಲೆ ಬಂದವರು; ತಮ್ಮ ಚೊಚ್ಚಲು ಮಗುವಿನ ಮುಖವನ್ನು ತಿಂಗಳುಗಳ ಮೇಲೆ ನೋಡಿದವರು. ಸಂಬಳ ಸಹಿತ 15 ದಿನಗಳ ರಜೆಯನ್ನು ಅವರು ತಾವಾಗಿ ಗೊತ್ತುಮಾಡಿದರೆ, ಯಾವ ಕಾನೂನೂ ತರಲಾರದ ನಿಷ್ಠೆಯನ್ನು ಅದು ತಂದುಕೊಡುತ್ತದೆ. ಕನ್ನಡ ಸಂಘಗಳೂ ಮಹಿಳಾ ಮಂಡಳಿಗಳೂ ತಿಂಗಳಿಗೊಂದು ಭಾನುವಾರ, ಕನ್ನಡ ಬಲ್ಲ ವೈದ್ಯೆಯನ್ನೋ ದಾದಿಯನ್ನೋ ಕರೆಸಿ, ಬಸುರಿಯರಿಗೂ ಅವರ ಗಂಡಂದಿರಿಗೂ ಎರಡು ಗಂಟೆಗಳ ತಿಳಿವಳಿಕೆಯ ಕೂಟ ನಡೆಸಬಹುದು. ಇದಕ್ಕೆ ಬೇಕಾಗುವುದು ಒಂದು ಕೋಣೆ ಮತ್ತು ಒಂದು ಚಹಾ ಕೆಟಲು ಮಾತ್ರ.

ಸಿದ್ಧತೆಯಲ್ಲಿ ಅನಿರೀಕ್ಷಿತಕ್ಕೂ ಎಡೆಯಿರಬೇಕು. ಮೇಲೆ ಹೇಳಿದ ಸಮೀಕ್ಷೆಯಂತೆ ದೇಶದ ನೂರು ಹೆರಿಗೆಗಳಲ್ಲಿ 21ಕ್ಕೂ ಹೆಚ್ಚು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅದು 47ರಷ್ಟಿರುವುದರಿಂದ, ಶಸ್ತ್ರಕ್ರಿಯೆ ಏಕೆ ಬೇಕೆಂದು ವೈದ್ಯರನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. ಅಗತ್ಯವೆಂದು ವಿವರಿಸಿದಾಗ ತಡಮಾಡದೆ ಒಪ್ಪುವ ಕರ್ತವ್ಯವೂ ಉಂಟು. ಹೊಟ್ಟೆ ಕೊಯ್ಸಿಕೊಂಡು ಹೆತ್ತವಳು ಸೋತವಳೆಂಬ ಭಾವನೆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡದಿರಲಿ. ಮನೋಧೈರ್ಯ ವೈದ್ಯೋಪಚಾರಕ್ಕೆ ಬದಲಿಯಲ್ಲ ಎಂಬುದನ್ನೂ ಮರೆಯಬಾರದು. ರಕ್ತಸ್ರಾವ, ನೀರು ಒಡೆಯುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಮಗುವಿನ ಮಿಸುಕಾಟ ತಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ಧೈರ್ಯ ಹೇಳುತ್ತ ಕೂರದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಪ್ರತಿ ತಿಂಗಳ 9ರಂದು ಸರಕಾರೀ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದ ಇದೆ, ಅದನ್ನು ಬಳಸಿಕೊಳ್ಳಬೇಕು.

ಮಗು ಹುಟ್ಟಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಹೆತ್ತ ಮೇಲಿನ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕರಿಗೆ ಉಂಟು. ಅದು ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದರೆ, ನಿದ್ರೆಯೂ ಊಟವೂ ಬೇಡವಾದರೆ, ಮಗುವಿನ ಮೇಲೆ ಮಮತೆ ಹುಟ್ಟದೆ ಹೋದರೆ, ಸಾಯುವ ಮಾತು ಬಂದರೆ, ಅದು ಕಾಯಿಲೆ. ನಮ್ಮಂಥ ದೇಶಗಳಲ್ಲಿ ಹೆತ್ತ ಐವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಇಂಥ ಮನೋವ್ಯಾಧಿ ತಗಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದನ್ನು ಸೋಮಾರಿತನವೆಂದೋ ಗಾಳಿ ಸೋಕಿದ್ದೆಂದೋ ಬಗೆಯುವುದು ಅನ್ಯಾಯ. ಮದ್ದುಂಟು, ಗುಣವುಂಟು. ಟೆಲಿ ಮಾನಸ್ ಎಂಬ ಸರಕಾರೀ ಸಹಾಯವಾಣಿ 2022ರಿಂದ 14416 ಸಂಖ್ಯೆಯಲ್ಲಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ದೂರದಲ್ಲಿರುವ ಗಂಡ ಫೋನು ಮಾಡಿದಾಗ, “ಮಗು ಹೇಗಿದೆ?” ಎಂದು ಕೇಳುವ ಮೊದಲು “ನೀನು ಹೇಗಿದ್ದಿ? ರಾತ್ರಿ ನಿದ್ರೆ ಬಂತೆ?” ಎಂದು ಕೇಳಲಿ. ಕಾಯಿಲೆಯ ಮೊದಲ ಗುರುತು ಬಹುಸಲ ಆ ಉತ್ತರದಲ್ಲಿಯೇ ಸಿಗುತ್ತದೆ.

ಪರಊರಿನಲ್ಲಿ ದುಡಿಯುವವರಾದ ನಾವು ಊರಿಗೆ ಹಣ ಕಳುಹಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಹೆರಿಗೆಯ ಖರ್ಚಿಗೆ ಸಾಲ ಮಾಡಿಯಾದರೂ ಕಳುಹಿಸುತ್ತೇವೆ. ಅದು ಹಿರಿದಾದ ಗುಣವೇ. ಆದರೆ ಬೇನೆ ಎದ್ದ ರಾತ್ರಿಯಲ್ಲಿ ಹೆಣ್ಣಿಗೆ ಮೊದಲು ಬೇಕಾಗುವುದು ಪರಿಚಯದ ಮುಖ, ತಿಳಿಯುವ ಮಾತು, ಮುಂದೇನು ನಡೆಯುತ್ತದೆಂಬ ಅರಿವು. ಈ ಮೂರನ್ನೂ ಹಣವಿಲ್ಲದೆ ಒದಗಿಸಬಹುದು. ಮುಂದಾಲೋಚನೆ ಇಲ್ಲದೆ ಒದಗಿಸಲಾಗದು. ಮನೆಯಲ್ಲಿ ಬಸುರಿಯಿರುವ ವಾಚಕನು ಇಂದು ರಾತ್ರಿ ಮನೆಗೆ ಹೋದಾಗ, ಅಥವಾ ಊರಿಗೆ ಫೋನು ಹಚ್ಚಿದಾಗ, ಅವಳಿಗೆ ಯಾವುದರ ಹೆದರಿಕೆಯೆಂದು ಒಮ್ಮೆ ಕೇಳಿ ನೋಡಲಿ. ಸಿದ್ಧತೆ ಅಲ್ಲಿಂದ ಆರಂಭವಾಗುತ್ತದೆ.